ಪರದೆಯ ಮುಂದಣ ಪಟ್ಟಾಂಗ: ಮಾತಿಗೆ ಮೊದಲಿಡುವ ಕೆಲವು ಆಟಗಳು

ಬಹುದಿನಗಳ ಬಳಿಕ ಭೇಟಿಯಾದ ನಾಲ್ವರು ಸ್ನೇಹಿತರು ಒಂದು ಕೋಣೆಯಲ್ಲಿ ಕುಳಿತರೆ ಮಾತಿಗೆ ಬರವಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಚಹಾ ಬರುತ್ತದೆ, ಚಕ್ಕುಲಿಯ ತಟ್ಟೆ ಬರುತ್ತದೆ, ಒಳಗಿನಿಂದ ಯಾರದೋ ಮಗುವಿನ ಅಳು ಕೇಳುತ್ತದೆ, ಮಾತು ತಾನಾಗಿ ಹರಿಯುತ್ತದೆ. ಅದೇ ನಾಲ್ವರನ್ನು ನಾಲ್ಕು ಮನೆಗಳಲ್ಲಿ ನಾಲ್ಕು ಮೊಬೈಲುಗಳ ಮುಂದೆ ಕೂರಿಸಿ ನೋಡಿ. "ಕೇಳಿಸುತ್ತದೆಯಾ?", "ನಿಮ್ಮ ಮುಖ ಕಾಣುತ್ತಿಲ್ಲ", "ಮ್ಯೂಟ್ ತೆಗೆಯಿರಿ" ಎಂಬ ಮೂರು ಮಾತುಗಳು ಮುಗಿದೊಡನೆ ಎಲ್ಲರೂ ಒಮ್ಮೆಲೇ ಆರಂಭಿಸುತ್ತಾರೆ, ಒಮ್ಮೆಲೇ ನಿಲ್ಲಿಸುತ್ತಾರೆ. "ನೀವು ಹೇಳಿ", "ಇಲ್ಲ, ನೀವೇ ಹೇಳಿ" ಎಂಬ ಉಪಚಾರ ನಡೆಯುತ್ತದೆ. ಆಮೇಲೆ ಯಾರೂ ಏನೂ ಹೇಳುವುದಿಲ್ಲ.

ಜೋಗೇಶ್ವರಿ ಪೂರ್ವದ ನಮ್ಮ ಹಳೆಯ ಕಟ್ಟಡದಲ್ಲಿ ಒಂದು ಕಾಲಕ್ಕೆ ಹನ್ನೊಂದು ಕನ್ನಡ ಕುಟುಂಬಗಳಿದ್ದವು. ಕರಾವಳಿಯವರ ಮನೆ ಆರು, ಧಾರವಾಡ, ವಿಜಯಪುರದ ಕಡೆಯವರದು ನಾಲ್ಕು, ಮೈಸೂರಿನವರದು ಒಂದು. ಕಟ್ಟಡವು ಪುನರ್ನಿರ್ಮಾಣಕ್ಕೆ ಹೋದಾಗ ಬಾಡಿಗೆಯ ಮನೆ ಹುಡುಕಿಕೊಂಡು ಹೋದವರಲ್ಲಿ ಹಲವರು ಮರಳಿ ಬರಲಿಲ್ಲ. ಒಬ್ಬರು ವಸಾಯಿಯಲ್ಲಿ ನೆಲೆಸಿದರು, ಇಬ್ಬರು ಡೊಂಬಿವಲಿಯಲ್ಲಿ, ನಿವೃತ್ತರಾದವರು ಉಡುಪಿಯಲ್ಲಿ, ಹುಬ್ಬಳ್ಳಿಯಲ್ಲಿ. ಒಬ್ಬರ ಮಗಳ ಸಂಸಾರ ನ್ಯೂಜೆರ್ಸಿಯಲ್ಲಿದೆ. ವರ್ಷಕ್ಕೊಮ್ಮೆ ಯಾರದಾದರೂ ಮದುವೆಯಲ್ಲಿ ಎಲ್ಲರ ಮುಖದರ್ಶನವಾಗುತ್ತಿತ್ತು. 2020ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಮುಂಬಯಿಯ ಲೋಕಲ್ ರೈಲು ಸಾರ್ವಜನಿಕರಿಗೆ ನಿಂತಾಗ ಅದೂ ತಪ್ಪಿತು. ಸಮಯದ ಮಿತಿಯೊಂದಿಗೆ ಅದು ಎಲ್ಲರಿಗೂ ತೆರೆದುದು 2021ರ ಫೆಬ್ರವರಿ 1ರಂದು. ಎರಡನೆಯ ಅಲೆಯಲ್ಲಿ ಮತ್ತೆ ಬಾಗಿಲು ಬಿತ್ತು. ಆ ದಿನಗಳಲ್ಲಿ ಆರಂಭವಾದ ನಮ್ಮ ಪರದೆಯ ಕೂಟ ಇಂದಿಗೂ ತಿಂಗಳ ಎರಡನೆಯ ರವಿವಾರ ನಡೆಯುತ್ತಿದೆ. ರೋಗ ಹೋದ ಮೇಲೆ ಇದೇಕೆ ಎಂದು ಕೇಳುವವರಿದ್ದಾರೆ. 2023ರ ಜನವರಿಯಿಂದ ಜೋಗೇಶ್ವರಿ ಪೂರ್ವಕ್ಕೆ ಮೆಟ್ರೊ ಕೂಡ ಬಂದಿದೆ, ನಿಜ. ಆದರೆ ಮಂಡಿನೋವಿನವರು ಡೊಂಬಿವಲಿಯಿಂದ ರವಿವಾರದ ಮೆಗಾ ಬ್ಲಾಕಿನ ದಿನ ಹೊರಟು ದಾದರಿನ ಸೇತುವೆ ಹತ್ತಿಳಿದು ಬರಲಿ ಎಂದು ಹೇಳುವ ಧೈರ್ಯ ನನಗಿಲ್ಲ.

ಮೊದಲ ಮೂರು ಕೂಟಗಳು ಸಂಪೂರ್ಣ ನೀರಸವಾದವು. ಇಪ್ಪತ್ತು ವರ್ಷ ಒಂದೇ ಜಗಲಿಯಲ್ಲಿ ನಿಂತು ಮಾತಾಡಿದವರಿಗೆ ಮಾತು ಸಿಗದೇ ಹೋದುದು ನನಗೆ ವಿಚಿತ್ರವೆನಿಸಿತು. ಇದರ ಕಾರಣವನ್ನು ತಿಳಿಯಲು ಸ್ವಲ್ಪ ಓದಿದೆ. ಜಪಾನಿ, ಕೊರಿಯನ್, ಡೇನಿಶ್, ಲಾವೋ ಮೊದಲಾದ ಹತ್ತು ಭಾಷೆಗಳ ದೈನಂದಿನ ಸಂಭಾಷಣೆಗಳನ್ನು ಅಳೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಮೊದಲಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗ, ಎಂದರೆ 200 ಮಿಲಿಸೆಕೆಂಡಿನಷ್ಟು ಎಂಬುದು ಅದರ ನಿರ್ಣಯ. ಭಾಷೆ ಯಾವುದೇ ಇರಲಿ, ಮನುಷ್ಯರು ಇಷ್ಟು ಸಣ್ಣ ಸಂದಿಯಲ್ಲೇ ಸರದಿ ಬದಲಿಸಿಕೊಳ್ಳುತ್ತಾರೆ. ಇತ್ತ ಪರದೆಯ ಮಾತು ನಮ್ಮ ಮೊಬೈಲಿನಿಂದ ಹೊರಟು, ಯಾವುದೋ ದೂರದ ಯಂತ್ರಕ್ಕೆ ಹೋಗಿ, ಅಲ್ಲಿಂದ ಇನ್ನೊಬ್ಬರ ಮೊಬೈಲಿಗೆ ಇಳಿಯಬೇಕು. ಗಾಜಿನ ತಂತಿಯಲ್ಲಿ ಓಡುವ ಬೆಳಕಿಗೂ ಮುಂಬಯಿಯಿಂದ ಅಮೆರಿಕದ ಪೂರ್ವ ತೀರ ಮುಟ್ಟಲು 60 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಉಳಿದ ಕಟ್ಟು ಬಿಚ್ಚುವ ಕೆಲಸದ ಸಮಯ ಬೇರೆ. ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡಿನ ಒಳಗಿದ್ದರೆ ಸಂಭಾಷಣೆ ಸುಗಮ, 400ನ್ನು ದಾಟಬಾರದು ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಬಹಳ ಹಿಂದೆಯೇ ಸೂಚಿಸಿದೆ. ನಮ್ಮ ಸರದಿಯ ಸಂದಿಗಿಂತ ಹಾದಿಯ ವಿಳಂಬವೇ ಹೆಚ್ಚಾದರೆ ಇಬ್ಬರೂ "ಅವರು ಸುಮ್ಮನಿದ್ದಾರೆ" ಎಂದು ತಿಳಿದು ಒಟ್ಟಿಗೆ ಬಾಯಿ ತೆರೆಯುವುದು ಸಹಜ. ಇದಲ್ಲದೆ, ಇಬ್ಬರು ಮಾತಾಡಿದಾಗ ತಂತ್ರಾಂಶವು ಸಣ್ಣ ದನಿಯನ್ನು ಅಡಗಿಸುತ್ತದೆ. ದೊಡ್ಡ ಗಂಟಲಿನವರಿಗೆ ಇದರಿಂದ ನಷ್ಟವಿಲ್ಲ. ಮೆಲುದನಿಯವರು ಎರಡು ಬಾರಿ ಸೋತು ಮೂರನೆಯ ಬಾರಿ ಬಾಯಿ ಮುಚ್ಚುತ್ತಾರೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್‌ಸನ್ ಅವರು 2021ರಲ್ಲಿ ಬರೆದ ಲೇಖನವೊಂದರಲ್ಲಿ ಪರದೆಯ ಭೇಟಿಯ ಆಯಾಸಕ್ಕೆ ನಾಲ್ಕು ಕಾರಣ ಕೊಟ್ಟಿದ್ದಾರೆ: ಎಲ್ಲರ ಮುಖಗಳೂ ಅತಿ ಸಮೀಪದಲ್ಲಿ ದಿಟ್ಟಿಸುವುದು, ತನ್ನ ಮುಖವನ್ನು ತಾನೇ ನೋಡುತ್ತಿರಬೇಕಾದುದು, ಕುಳಿತಲ್ಲಿಂದ ಅಲುಗಾಡಲಾಗದಿರುವುದು ಮತ್ತು ಸನ್ನೆಗಳನ್ನು ತಿಳಿಯಲು ಬುದ್ಧಿಗೆ ಬೀಳುವ ಹೆಚ್ಚಿನ ಹೊರೆ. ಎರಡನೆಯದಕ್ಕೆ ಮದ್ದು ಸುಲಭ. ತನ್ನ ಚಿತ್ರವನ್ನು ತನಗೆ ಮಾತ್ರ ಮರೆಮಾಡುವ ಸೌಲಭ್ಯ ಝೂಮ್‌ನಲ್ಲಿದೆ. ಉಳಿದವಕ್ಕೆ ಮದ್ದೆಂದರೆ ಆಟ.

ಕಚೇರಿಯ ತರಬೇತಿ ಶಿಬಿರಗಳಲ್ಲಿ ಇಂಥ ಆಟಗಳಿಗೆ 'ಐಸ್ ಬ್ರೇಕರ್' ಎನ್ನುತ್ತಾರೆ. ಮಂಜುಗಡ್ಡೆಯನ್ನು ಫ್ರಿಜ್ಜಿನಲ್ಲಿಯೂ ಕಬ್ಬಿನಹಾಲಿನ ಅಂಗಡಿಯಲ್ಲಿಯೂ ಮಾತ್ರ ಕಂಡ ನಮಗೆ ಆ ಹೆಸರು ಅಷ್ಟಾಗಿ ಹಿಡಿಸುವುದಿಲ್ಲ. 'ಮಾತಿಗೆ ಮೊದಲಿಡುವ ಆಟ' ಎಂದರೆ ಸಾಕು. ಮೂವತ್ತು ವರ್ಷಗಳಿಂದ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಟೋಕನ್ ಕೊಟ್ಟರೆ ಗದ್ದಲ ತಾನಾಗಿ ಕಡಿಮೆಯಾಗುತ್ತದೆ. ಆಟವೆಂದರೆ ಅಂಥದೊಂದು ಟೋಕನ್. ತನ್ನ ಸರದಿ ಬಂದೇ ಬರುತ್ತದೆ, ಆಗ ಹೇಳಬೇಕಾದುದು ಇಷ್ಟೇ ಎಂದು ಖಚಿತವಾದರೆ ಅತ್ಯಂತ ಸಂಕೋಚದವರೂ ಬಾಯಿ ತೆರೆಯುತ್ತಾರೆ. ಈ ದೃಷ್ಟಿಯಿಂದ ನೋಡಿದಾಗ ಮನೆಯ ಚಾವಡಿಯಲ್ಲಿ ಚೆನ್ನಾಗಿ ನಡೆಯುವ ಎಲ್ಲ ಆಟಗಳೂ ಪರದೆಗೆ ಒಗ್ಗುವುದಿಲ್ಲ ಎಂಬುದು ನಮ್ಮ ಅನುಭವ.

ಉದಾಹರಣೆಗೆ ಅಂತ್ಯಾಕ್ಷರಿ. ಮುಂಬಯಿಯಲ್ಲಿ ನಾಲ್ಕು ಜನ ಸೇರಿದರೆ ಮೊದಲು ನೆನಪಾಗುವುದು ಇದೇ. 1993ರಲ್ಲಿ ಝೀ ಟಿವಿಯಲ್ಲಿ ಅನ್ನು ಕಪೂರ್ ನಡೆಸಿಕೊಡಲು ಆರಂಭಿಸಿದ ಕಾರ್ಯಕ್ರಮವನ್ನು ಆ ಕಟ್ಟಡದ ಮಕ್ಕಳೆಲ್ಲ ಒಂದೇ ಮನೆಯ ಟಿವಿಯ ಮುಂದೆ ಕುಳಿತು ನೋಡುತ್ತಿದ್ದರು. ನಮ್ಮ ಎರಡನೆಯ ಕೂಟದಲ್ಲಿ ಅದನ್ನೇ ಆಡಿದೆವು, ಮತ್ತು ಅದು ಕೆಟ್ಟಿತು. ಒಬ್ಬರು ಹಾಡಲು ತೊಡಗಿದೊಡನೆ ಎಲ್ಲರೂ ದನಿಗೂಡಿಸಿದರು, ಒಬ್ಬರು ಚಪ್ಪಾಳೆಯಿಂದ ತಾಳ ಹಾಕಿದರು. ಸೇರಿ ಹಾಡುವವರ ನಡುವೆ 30 ಮಿಲಿಸೆಕೆಂಡು ಅಂತರವಾದರೂ ತಾಳ ಕದಲುತ್ತದೆ. ಇಲ್ಲಿ ಅದರ ಹತ್ತು ಪಾಲು. ತಾಳವನ್ನು ತಂತ್ರಾಂಶ ಗದ್ದಲವೆಂದು ತಿಳಿದು ಅಳಿಸಿಹಾಕಿತು. ಉಡುಪಿಯಿಂದ ಬಂದ ಹಾಡು ಡೊಂಬಿವಲಿಯಲ್ಲಿ ತುಂಡು ತುಂಡಾಗಿ ಬಿದ್ದಿತು.

ಆಮೇಲೆ ನಾವು ಮಾಡಿಕೊಂಡ ತಿದ್ದುಪಡಿಗಳಿಂದ ಅದೇ ಆಟ ಈಗ ಸರಾಗವಾಗಿದೆ. ಹಾಡುವವರೊಬ್ಬರ ಹೊರತು ಉಳಿದವರೆಲ್ಲರ ದನಿ ಮುಚ್ಚಿರಬೇಕು, ತಲೆದೂಗುವುದಕ್ಕೆ ಅಡ್ಡಿಯಿಲ್ಲ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಎಂಬುದನ್ನು ಹಾಡುವವರು ಒತ್ತಿಕೊಂಡರೆ ಶ್ರುತಿಪೆಟ್ಟಿಗೆಯ ನಾದ ಉಳಿಯುತ್ತದೆ. ಎರಡು ಪಂಗಡಗಳ ಬದಲು ಒಬ್ಬರಿಂದ ಒಬ್ಬರಿಗೆ ಸರಪಣಿ: ಹಾಡಿ ಮುಗಿಸಿದವರು ಕೊನೆಯ ಅಕ್ಷರವನ್ನು ಹೇಳಿ, ಮುಂದಿನವರ ಹೆಸರನ್ನೂ ಹೇಳಬೇಕು. "ವಕಾರ ಬಂದಿದೆ, ಹುಬ್ಬಳ್ಳಿಯ ವೈನಿ ಹಾಡಬೇಕು" ಎಂದರೆ ಗೊಂದಲಕ್ಕೆ ಆಸ್ಪದವಿಲ್ಲ. ಈ ಹೆಸರು ಹೇಳಿ ದಾಟಿಸುವ ನಿಯಮವೊಂದನ್ನು ಪಾಲಿಸಿದರೂ ಪರದೆಯ ಅರ್ಧ ಕಷ್ಟ ಕಳೆಯುತ್ತದೆ.

ಕನ್ನಡ ಅಂತ್ಯಾಕ್ಷರಿಗೆ ಅದರದೇ ಆದ ಒಂದು ತೊಡಕುಂಟು. ಹಿಂದಿಯ ಹಲವು ಪದಗಳು ವ್ಯಂಜನದ ದನಿಯಲ್ಲಿ ನಿಲ್ಲುತ್ತವೆ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತ. ಆದುದರಿಂದ ಕೊನೆಯ ಗುಣಿತಾಕ್ಷರದ ಮೂಲ ವ್ಯಂಜನವನ್ನು ಹಿಡಿಯುವುದು ವಾಡಿಕೆ: 'ನೆ' ಬಂದರೆ ನಕಾರ, 'ಲಿ' ಬಂದರೆ ಲಕಾರ. ಆದರೆ ಣಕಾರ ಮತ್ತು ಳಕಾರದಿಂದ ಆರಂಭವಾಗುವ ಪದಗಳೇ ನಮ್ಮಲ್ಲಿಲ್ಲ, ಹಾಡುಗಳು ಮಾತ್ರ ಅವುಗಳಲ್ಲಿ ಧಾರಾಳವಾಗಿ ಕೊನೆಗೊಳ್ಳುತ್ತವೆ. ಣಕ್ಕೆ ನ, ಳಕ್ಕೆ ಲ ಎಂದು ಮೊದಲೇ ಒಪ್ಪಿಕೊಳ್ಳದಿದ್ದರೆ ಜಗಳ ಖಂಡಿತ. ವ್ಯಾಕರಣದ ಪಂಡಿತರೊಬ್ಬರು ಕೂಟದಲ್ಲಿದ್ದರೆ ಜಗಳ ಇನ್ನೂ ಸ್ವಾರಸ್ಯಕರ.

ಪರದೆಗೆಂದೇ ಹುಟ್ಟಿದಂತಿರುವ ಆಟವೆಂದರೆ ಬರೆದು ತೋರಿಸುವುದು. ಎಲ್ಲರ ಬಳಿ ಹಳೆಯ ಕ್ಯಾಲೆಂಡರಿನ ಹಾಳೆ ಮತ್ತು ದಪ್ಪ ಪೆನ್ನು ಇರಲಿ. ಉತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು, ನಡೆಸುವವರು ಮೂರು ಎಣಿಸಿದೊಡನೆ ಎಲ್ಲರೂ ಕ್ಯಾಮೆರಾಕ್ಕೆ ಹಿಡಿಯಬೇಕು. ಮಾತಿನಲ್ಲಿ ಅಡಚಣೆಯಾಗುವ ಅರ್ಧ ಸೆಕೆಂಡು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಮೆಲುದನಿಯವರ ಉತ್ತರವೂ ದೊಡ್ಡ ಗಂಟಲಿನವರ ಉತ್ತರವೂ ಒಂದೇ ಗಾತ್ರ. ಬರೆದುದು ತಮಗೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕಂಡರೆ ಗಾಬರಿಯಾಗಬೇಡಿ. ಇತರರಿಗೆ ಅದು ಸರಿಯಾಗಿಯೇ ಕಾಣುತ್ತದೆ. (ನಮ್ಮಲ್ಲೊಬ್ಬರು ಇದನ್ನು ನಂಬದೆ ಒಂದು ಸಂಜೆಯಿಡೀ ಅಕ್ಷರಗಳನ್ನು ಉಲ್ಟಾ ಬರೆದರು.)

ಈ ರೀತಿಯಲ್ಲಿ ನಾವು ಆಡುವ ಮುಖ್ಯ ಆಟಕ್ಕೆ 'ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ?' ಎಂದು ಹೆಸರು. ಹೊರನಾಡ ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯ ಆರಂಭದ ಆಟ ನನಗೆ ಗೊತ್ತಿಲ್ಲ. ನಡೆಸುವವರು ಅಡುಗೆಮನೆಯಿಂದ ಒಂದು ವಸ್ತುವನ್ನು ತಂದು ಹೆಸರು ಹೇಳದೆ ತೋರಿಸಬೇಕು. ಒಂದು ಗಡ್ಡೆಯನ್ನು ತೋರಿಸಿದೊಡನೆ ಕರಾವಳಿಯ ಹಾಳೆಗಳಲ್ಲಿ 'ನೀರುಳ್ಳಿ', ಧಾರವಾಡದ ಹಾಳೆಗಳಲ್ಲಿ 'ಉಳ್ಳಾಗಡ್ಡಿ', ಮೈಸೂರಿನ ಹಾಳೆಯಲ್ಲಿ 'ಈರುಳ್ಳಿ' ಏಳುತ್ತದೆ. ಮಕ್ಕಳ ಹಾಳೆಯಲ್ಲಿ 'ಕಾಂದಾ'. ಒಬ್ಬರ ನೆಲಗಡಲೆ ಇನ್ನೊಬ್ಬರ ಶೇಂಗಾ, ಮತ್ತೊಬ್ಬರ ಕಡಲೆಕಾಯಿ. ಮೈಸೂರಿನ ಪುರಿ ದಾವಣಗೆರೆಗೆ ಹೋದರೆ ಮಂಡಕ್ಕಿ, ಧಾರವಾಡದಲ್ಲಿ ಚುರುಮುರಿ, ಜೋಗೇಶ್ವರಿ ಸ್ಟೇಷನ್ನಿನ ಹೊರಗೆ ಕುರ್ಮುರಾ. ಯಾರ ಮಾತು ಬೇರೆ ಯಾರ ಹಾಳೆಯಲ್ಲೂ ಇಲ್ಲವೋ ಅವರಿಗೆ ಎರಡು ಅಂಕ. ಆದರೆ ಆ ಮಾತನ್ನು ಮೊದಲು ಯಾರ ಬಾಯಲ್ಲಿ ಕೇಳಿದೆ ಎಂಬುದನ್ನು ಒಂದು ನಿಮಿಷದಲ್ಲಿ ಹೇಳಬೇಕು. ಅಂಕವು ನೆಪಮಾತ್ರ. ಆ ಒಂದು ನಿಮಿಷದಲ್ಲಿ ಅಜ್ಜಿಯರು, ಸೋದರತ್ತೆಯರು, ಊರಿನ ಸಂತೆ, ಹಿತ್ತಿಲ ಬಾವಿಕಟ್ಟೆ ಎಲ್ಲವೂ ಬರುತ್ತವೆ. ವಸ್ತುಗಳು ಮುಗಿದರೆ ಸಂಬಂಧಗಳ ಹೆಸರು ಕೇಳಬಹುದು. ಚಿಕ್ಕಪ್ಪನೂ ಕಾಕಾನೂ, ಅತ್ತಿಗೆಯೂ ವೈನಿಯೂ ಒಬ್ಬರೇ ಎಂದು ನಮ್ಮ ಮಕ್ಕಳಿಗೆ ಗೊತ್ತಾದುದು ಈ ಆಟದಿಂದ.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಹಿರಿಯರೊಬ್ಬರು ಕನ್ನಡ ಲಿಪಿಯಲ್ಲಿಯೇ ಬರೆಯತಕ್ಕದ್ದೆಂದು ಪಟ್ಟುಹಿಡಿದರು. ಅವರ ಕಾಳಜಿ ಸಾಧುವಾದುದೇ. ಅವರು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವರು, ಇಂದಿನ ಮಕ್ಕಳಿಗೆ ಆ ಭಾಗ್ಯವಿಲ್ಲ. ಆದರೆ ಮುಂದಿನ ಕೂಟಕ್ಕೆ ಮೂರು ಮಕ್ಕಳು ಬರಲಿಲ್ಲ. ಅಲ್ಲಿಂದ ಮುಂದೆ ಕನ್ನಡದ ಮಾತನ್ನು ಯಾವ ಲಿಪಿಯಲ್ಲಿ ಬರೆದರೂ ಸರಿ, ಚಿತ್ರ ಬರೆದರೂ ಸರಿ ಎಂದು ಮಾಡಿದೆವು. ನ್ಯೂಜೆರ್ಸಿಯ ಮೊಮ್ಮಗಳು ಈಗ ತಾನಾಗಿ ಕನ್ನಡದಲ್ಲಿ 'ಸೌಟು' ಎಂದು ಬರೆದು ತೋರಿಸುತ್ತಾಳೆ. ಔಕಾರದ ಕೊಂಬು ಮಾತ್ರ ಪ್ರತಿಬಾರಿಯೂ ಬೇರೆ ದಿಕ್ಕಿಗೆ ತಿರುಗಿರುತ್ತದೆ.

ಆಟದ ಬಲ ಎಷ್ಟೆಂಬುದು ನನಗೆ ಗೊತ್ತಾದುದು ಬೇರೊಂದು ಸಂದರ್ಭದಲ್ಲಿ. ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಅಣ್ಣ ಕುಂದಾಪುರದ ಕಡೆಯವರು, ಅವರ ಪತ್ನಿ ಧಾರವಾಡದವರು. 2021ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡರು. ಅಂತಿಮ ದರ್ಶನಕ್ಕೆ ನಮ್ಮಲ್ಲಿ ಯಾರಿಗೂ ಹೋಗಲಾಗಲಿಲ್ಲ. ಆಮೇಲೆ ಅಣ್ಣ ಪ್ರತಿ ಕೂಟಕ್ಕೂ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಆದರೆ ಕ್ಯಾಮೆರಾ ತೆರೆಯುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಪರದೆಯಲ್ಲಿ ಒಂದು ಕಪ್ಪು ಚೌಕ, ಅದರಲ್ಲಿ ಅವರ ಹೆಸರು. ಏನೆಂದು ಕೇಳುವುದು, ಹೇಗೆ ಕೇಳುವುದು ಯಾರಿಗೂ ತಿಳಿಯಲಿಲ್ಲ. ಐದಾರು ತಿಂಗಳು ಹೀಗೆ ಕಳೆಯಿತು. ಒಂದು ರವಿವಾರ ನೀರುಳ್ಳಿಯ ಸರದಿ ಬಂದಾಗ ಆ ಚೌಕದಲ್ಲಿ ಬೆಳಕಾಯಿತು. ಅಣ್ಣ ಎರಡು ಹಾಳೆಗಳನ್ನು ಎರಡು ಕೈಗಳಲ್ಲಿ ಹಿಡಿದಿದ್ದರು. ಒಬ್ಬರಿಗೆ ಒಂದೇ ಹಾಳೆ ಎಂದು ಮಕ್ಕಳು ಆಕ್ಷೇಪಿಸಿದರು. "ನಮ್ಮ ಮನೆಯಲ್ಲಿ ಎರಡು ಮಾತಿತ್ತು ಮಕ್ಕಳೇ. ನಾನು ನೀರುಳ್ಳಿ ತರುತ್ತಿದ್ದೆ, ಅವಳು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಮೂವತ್ತೆರಡು ವರ್ಷ ಒಂದೇ ಬುಟ್ಟಿ" ಎಂದರು. ಆ ದಿನ ಅವರು ಹದಿನೈದು ನಿಮಿಷ ಮಾತಾಡಿದರು. ನಿಮಿಷದ ಗಡಿಯಾರವನ್ನು ನಾನು ಮೇಜಿನ ಮೇಲೆ ಕವಚಿ ಇಟ್ಟೆ.

ಇನ್ನು ಮುಂಬಯಿಯವರಿಗೇ ಮೀಸಲಾದ ಒಂದು ಆಟ: ಚರ್ಚ್‌ಗೇಟಿನಿಂದ ವಿರಾರಿನವರೆಗೆ ಸ್ಟೇಷನ್ನುಗಳನ್ನು ಕ್ರಮವಾಗಿ ಹೇಳುವುದು. ಒಬ್ಬರಿಗೆ ಒಂದು ಸ್ಟೇಷನ್. ಹೇಳಿ ಮುಂದಿನವರ ಹೆಸರು ಕರೆಯಬೇಕು, ಐದು ಎಣಿಸುವುದರೊಳಗೆ ಉತ್ತರ ಬರಬೇಕು, ತಪ್ಪಿದವರು ಹೊರಗೆ. ಸುಲಭವೆಂದು ತೋರುತ್ತದೆ, ನಿತ್ಯ ಓಡಾಡಿದ ದಾರಿ ತಾನೆ? ಆದರೆ ನಾವೆಲ್ಲರೂ ಅಂಧೇರಿ ಬಂದಾಗ ಎಚ್ಚರವಾಗಿ ಜೋಗೇಶ್ವರಿಯಲ್ಲಿ ಇಳಿಯುತ್ತಿದ್ದವರು. ನಡುವಿನವು ನಿದ್ದೆಯಲ್ಲೋ ವಾರಪತ್ರಿಕೆಯಲ್ಲೋ ಕಳೆದುಹೋಗಿವೆ. ಊರು ಬಿಟ್ಟು ಹೋದವರಿಗೆ ಎರಡು ಕಡೆ ಹೊಂಡವಿದೆ. ಜೋಗೇಶ್ವರಿ ಆದ ಮೇಲೆ ಗೋರೆಗಾಂವ್ ಎನ್ನುತ್ತಾರೆ. ನಡುವೆ 2016ರ ಡಿಸೆಂಬರಿನಲ್ಲಿ ರಾಮ ಮಂದಿರ ಸ್ಟೇಷನ್ ಬಂದಿದೆ. ಲೋವರ್ ಪರೇಲಿನ ಬಳಿಕ ಎಲ್ಫಿನ್‌ಸ್ಟನ್ ರೋಡ್ ಎನ್ನುತ್ತಾರೆ. 2018ರಿಂದ ಅದು ಪ್ರಭಾದೇವಿ. ಒಟ್ಟು 29 ಸ್ಟೇಷನ್ನುಗಳು. ಮಧ್ಯ ರೈಲ್ವೆಯ ಡೊಂಬಿವಲಿಯವರು ಇದನ್ನು ಪಕ್ಷಪಾತವೆಂದು ದೂರಿದ್ದರಿಂದ ಮುಂದಿನ ತಿಂಗಳು ಅವರ ಮಾರ್ಗ. ಹುಬ್ಬಳ್ಳಿಯ, ಉಡುಪಿಯ ಗೆಳೆಯರ ಗುಂಪಿನವರು ತಮ್ಮೂರ ಬಸ್ಸಿನ ನಿಲ್ದಾಣಗಳನ್ನು ಇದೇ ರೀತಿ ಆಡಬಹುದು.

ಮೂಕಾಭಿನಯವೂ ಪರದೆಗೆ ಬಹಳ ಒಗ್ಗುತ್ತದೆ, ದನಿಯ ಹಂಗೇ ಇಲ್ಲವಲ್ಲ. ಸಿನೆಮಾದ ಹೆಸರುಗಳ ಬದಲು ಗಾದೆಗಳನ್ನು ಅಭಿನಯಿಸಿ. ನಡೆಸುವವರು ಗಾದೆಯನ್ನು ಒಬ್ಬರಿಗೆ ಮಾತ್ರ ವಾಟ್ಸಾಪಿನಲ್ಲಿ ಕಳುಹಿಸಬೇಕು, ಉಳಿದವರು ಊಹಿಸಿ ಹಾಳೆಯಲ್ಲಿ ಬರೆಯಬೇಕು. 'ಕುಣಿಯಲಾರದವಳು ನೆಲ ಡೊಂಕು ಎಂದಳು' ಎಂಬುದನ್ನು ಅರುವತ್ತೆಂಟು ವರ್ಷದ ಅಕ್ಕ ಒಬ್ಬರು ಅಭಿನಯಿಸಿದ ರೀತಿಯನ್ನು ನಾವಿನ್ನೂ ಮರೆತಿಲ್ಲ. ಅಭಿನಯಿಸಲು ಏಳಲೇಬೇಕು, ಎರಡು ಹೆಜ್ಜೆ ಹಿಂದೆ ಸರಿಯಲೇಬೇಕು. ಕುಳಿತಲ್ಲೇ ಕಟ್ಟಿಹಾಕುವ ಪರದೆಯ ದೋಷಕ್ಕೂ ಇದರಿಂದ ಪರಿಹಾರ. ಕಾಲಿಗೆ ತಾಗುವ ಸ್ಟೂಲನ್ನು ಮೊದಲೇ ಸರಿಸಿಡಿ.

ಕರಾವಳಿಯವರಿದ್ದಲ್ಲಿ ತಾಳಮದ್ದಲೆಯ ರೀತಿಯ ವಾದವನ್ನು ಪ್ರಯತ್ನಿಸಬಹುದು. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಆಶುವಾಗಿ ಅರ್ಥ ಹೇಳುವ ಕಲೆಯಾದುದರಿಂದಲೇ 2020ರಲ್ಲಿ ಮೇಳಗಳ ತಿರುಗಾಟ ನಿಂತಾಗ ತಾಳಮದ್ದಲೆಗಳು ಅಂತರ್ಜಾಲದಲ್ಲಿ ಅಷ್ಟು ಬೇಗ ನೆಲೆ ಕಂಡುವು. ನಮ್ಮದು ಅಡುಗೆಮನೆಯ ಪ್ರಸಂಗ. ಒಬ್ಬರು ಕುಚ್ಚಲಕ್ಕಿ, ಇನ್ನೊಬ್ಬರು ಜೋಳದ ರೊಟ್ಟಿ. ತನ್ನ ಹಿರಿಮೆಯನ್ನು ಸ್ಥಾಪಿಸಿ ಎದುರಾಳಿಯನ್ನು ಖಂಡಿಸಲು ಇಬ್ಬರಿಗೂ ತಲಾ ಎರಡೆರಡು ನಿಮಿಷ. ಕುಚ್ಚಲಕ್ಕಿಯ ಪಕ್ಷ ವಹಿಸಿದವರು ಧಾರವಾಡದವರಾಗಿದ್ದರೆ ಮಾತ್ರ ಮಜಾ. ನಿಮ್ಮ ಗುಂಪಿನಲ್ಲಿ ಇಂಥ ವಾದವು ನಿಜವಾದ ಜಗಳಕ್ಕೆ ತಿರುಗುವ ಸಂಭವವಿದ್ದರೆ ಇದನ್ನು ಬಿಟ್ಟುಬಿಡಿ. ರಾಜಕೀಯವನ್ನು ವಿಷಯವಾಗಿ ಕೊಡುವುದು ಸರ್ವಥಾ ಬೇಡ. ಒಮ್ಮೆ ಕೊಟ್ಟು ನೋಡಿ ಕಲಿತಿದ್ದೇವೆ.

ಒಗಟುಗಳು ನಮ್ಮ ಹಿರಿಯರ ಸಂಪತ್ತು. ಆದರೆ ಬೀಸುಕಲ್ಲು, ನೇಗಿಲು, ಕಣಜಗಳನ್ನು ಕಾಣದ ಮಕ್ಕಳಿಗೆ ಹಳೆಯ ಒಗಟನ್ನು ಒಡೆಯಲು ಹೇಳಿದರೆ ಅವರು ಮೊಬೈಲಿನಲ್ಲಿ ಉತ್ತರ ಹುಡುಕುತ್ತಾರೆ. ಆದುದರಿಂದ ಮನೆಯ ಸುತ್ತಲಿನ ವಸ್ತುವಿನ ಮೇಲೆ ಹೊಸ ಒಗಟನ್ನು ಕಟ್ಟಿ ತರುವುದು ನಮ್ಮ ನಿಯಮ. ಎಂಟನೆಯ ತರಗತಿಯ ಹುಡುಗನೊಬ್ಬ ತಂದ ಒಗಟು ಇದು: "ಬೆಳಿಗ್ಗೆ ಹೊಟ್ಟೆ ತುಂಬಿ ದಕ್ಷಿಣಕ್ಕೆ ಹೋಗುತ್ತದೆ, ಸಂಜೆ ಹೊಟ್ಟೆ ತುಂಬಿ ಉತ್ತರಕ್ಕೆ ಬರುತ್ತದೆ, ತಿಂದದ್ದು ಒಂದೂ ಅರಗುವುದಿಲ್ಲ." ಮುಂಬಯಿಯವರು ಲೋಕಲ್ ರೈಲೆಂದು ಕ್ಷಣದಲ್ಲಿ ಹೇಳಿದರು, ನ್ಯೂಜೆರ್ಸಿಯವರಿಗೆ ಬಹಳ ಹೊತ್ತು ಹಿಡಿಯಿತು. ಅವನ ತಾಯಿಯದು: "ಒಲೆಯ ಮೇಲೆ ಕುಳಿತ ಗಾರ್ಡ್, ಮೂರು ಸೀಟಿ ಊದಿದರೆ ಊಟಕ್ಕೆ ಹಸಿರು ನಿಶಾನೆ." ಇದಕ್ಕೆ ಉತ್ತರ ಹೇಳಬೇಕಾಗಿಲ್ಲ.

ಹೌಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆ: 90 ಅಂಕೆಗಳು, ಒಂದು ಚೀಟಿಯಲ್ಲಿ ಸಾಲಿಗೆ ಐದರಂತೆ 15. ಚೀಟಿಗಳನ್ನು ಮೊದಲೇ ವಾಟ್ಸಾಪಿನಲ್ಲಿ ಕಳುಹಿಸಿ, ತೊಗರಿಬೇಳೆಯ ಕಾಳಿಟ್ಟು ಆಡಬಹುದು. ಅಂಕೆಗಳನ್ನು ಕನ್ನಡದಲ್ಲಿಯೇ ಕೂಗುವುದು ನಮ್ಮ ಪದ್ಧತಿ. ಮರಾಠಿ ಶಾಲೆಯ ಮಕ್ಕಳಿಗೆ ಇದು ಇಷ್ಟವಾಗುತ್ತದೆ, ಏಕೆಂದರೆ 79ಕ್ಕೆ ಮರಾಠಿಯಲ್ಲಿ 'ಎಂಬತ್ತಕ್ಕೆ ಒಂದು ಕಡಿಮೆ' ಎಂಬರ್ಥದ ಮಾತನ್ನು ಬಾಯಿಪಾಠ ಮಾಡಬೇಕು; ಕನ್ನಡದಲ್ಲಿ ಎಪ್ಪತ್ತರ ಮುಂದೆ ಒಂಬತ್ತನ್ನು ಸೇರಿಸಿದರೆ ಮುಗಿಯಿತು. ಹಣ ಕಟ್ಟುವುದು ಬೇಡ. ಚೌಕಾಬಾರವನ್ನೂ ಎರಡು ಮನೆಗಳಲ್ಲಿ ಎರಡು ಮಣೆ ಬರೆದುಕೊಂಡು, ಕವಡೆಯನ್ನು ಕ್ಯಾಮೆರಾದ ಮುಂದೆ ಹಾಕಿ ಆಡುವವರಿದ್ದಾರೆ. ಇಬ್ಬರು ಅಜ್ಜಿಯರಿಗೆ ಮಧ್ಯಾಹ್ನದ ಹೊತ್ತಿಗೆ ಅದು ಚೆನ್ನ, ಹತ್ತು ಜನರ ಕೂಟಕ್ಕಲ್ಲ.

'ಎರಡು ನಿಜ, ಒಂದು ಸುಳ್ಳು' ಎಂಬ ಆಟ ಲೋಕಪ್ರಸಿದ್ಧ. ತನ್ನ ಬಗ್ಗೆ ಮೂರು ಮಾತು ಹೇಳುವುದು, ಸುಳ್ಳು ಯಾವುದೆಂದು ಇತರರು ಕಂಡುಹಿಡಿಯುವುದು. ಹಳೆಯ ಗೆಳೆಯರಲ್ಲಿಯೂ ಇದರಿಂದ ಹೊಸ ಸಂಗತಿಗಳು ಹೊರಬರುತ್ತವೆ. ಆದರೆ ಬ್ಯಾಂಕಿನವಳಾಗಿ ಒಂದು ಮಾತು. ಹುಟ್ಟಿದ ದಿನಾಂಕ, ತಾಯಿಯ ತವರಿನ ಹೆಸರು, ಓದಿದ ಮೊದಲ ಶಾಲೆ, ಮೊದಲು ಸಾಕಿದ ನಾಯಿಯ ಹೆಸರು ಇವುಗಳನ್ನು ಆಟದ ವಸ್ತುವಾಗಿ ಮಾಡಬೇಡಿ. ಗುಪ್ತಪದ ಮರೆತಾಗ ಹಲವು ತಾಣಗಳು ಕೇಳುವ ಪ್ರಶ್ನೆಗಳು ಇವೇ. ಕೂಟದ ಕೊಂಡಿಯನ್ನು ನೂರಾರು ಜನರ ಗುಂಪುಗಳಲ್ಲಿ ಹಂಚುವುದೂ ಸಲ್ಲದು. ಅಪರಿಚಿತರು ನುಗ್ಗಿದ ಪ್ರಕರಣಗಳ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಕೇಂದ್ರ ಗೃಹ ಸಚಿವಾಲಯವೇ ಝೂಮ್ ಬಳಕೆಯ ಬಗ್ಗೆ ಸೂಚನೆಗಳನ್ನು ಹೊರಡಿಸಿತ್ತು. ಗುಪ್ತಪದ ಇಡಿ, ಹೊರಗೆ ಕಾಯುವ ಕೋಣೆಯನ್ನು ತೆರೆದಿಡಿ, ಗುರುತು ಸಿಕ್ಕವರನ್ನು ಮಾತ್ರ ಒಳಗೆ ಬಿಡಿ. ಮನೆಯ ಬಾಗಿಲಿಗೆ ನಾವು ಮಾಡುವುದೂ ಅಷ್ಟೇ ತಾನೆ?

ಇನ್ನು ಕೆಲವು ವ್ಯವಹಾರದ ಮಾತುಗಳು. ಎಂಟರಿಂದ ಹತ್ತು ಮನೆಗಳಿದ್ದರೆ ಕೂಟ ಚೆನ್ನಾಗಿ ನಡೆಯುತ್ತದೆ. ಹದಿನೈದು ದಾಟಿದರೆ ಎರಡು ಗುಂಪು ಮಾಡಿ. ನಮ್ಮ ಸಂಜೆ ಏಳೂವರೆಗೆ ದುಬೈಯಲ್ಲಿ ಆರು ಗಂಟೆ, ನ್ಯೂಜೆರ್ಸಿಯಲ್ಲಿ ಬೇಸಗೆಗೆ ಬೆಳಿಗ್ಗೆ ಹತ್ತು, ಚಳಿಗಾಲಕ್ಕೆ ಒಂಬತ್ತು. ಎಲ್ಲರೂ ಎಚ್ಚರವಿರುವ ಹೊತ್ತು ಇದು. ಉಚಿತ ಝೂಮ್ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಗೂಗಲ್ ಮೀಟ್ 60 ನಿಮಿಷಕ್ಕೆ. ಮೊದಮೊದಲು ಇದನ್ನು ಶಪಿಸುತ್ತಿದ್ದೆವು. ಈಗ 40 ನಿಮಿಷಕ್ಕೆ ಮಧ್ಯಂತರವೆಂದು ಎದ್ದು, ಚಹಾ ಮಾಡಿಕೊಂಡು, ಅದೇ ಕೊಂಡಿಯಿಂದ ಮರಳಿ ಬರುತ್ತೇವೆ. ನಡೆಸುವ ಹೊಣೆ ಪ್ರತಿ ತಿಂಗಳು ಬೇರೆಯವರಿಗೆ ಹೋಗಬೇಕು, ಮಕ್ಕಳಿಗೂ ಬರಬೇಕು. ಒಂದು ಸಂಜೆಗೆ ಎರಡು ಆಟ ಸಾಕು. ಆಟದ ನಡುವೆ ಮಾತು ತಾನಾಗಿ ಹೊತ್ತಿಕೊಂಡರೆ ಆಟವನ್ನು ಅಲ್ಲಿಯೇ ಬಿಟ್ಟುಬಿಡಿ. ಅಂಕಗಳ ಪಟ್ಟಿ ಹಿಡಿದು "ಇನ್ನೂ ಮೂರು ಸುತ್ತು ಬಾಕಿ" ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ಅದು ನಾನೇ ಎಂದು ಮನೆಯವರ ಅಭಿಪ್ರಾಯ.

ಕೂಟವನ್ನು ಆರಂಭಿಸುವುದಕ್ಕಿಂತ ಮುಗಿಸುವುದು ಕಷ್ಟ. ಮನೆಗೆ ಬಂದವರನ್ನು ಮೆಟ್ಟಿಲವರೆಗೆ, ಗೇಟಿನವರೆಗೆ, ರಿಕ್ಷಾದವರೆಗೆ ಕಳುಹಿಸಿಕೊಡುತ್ತೇವೆ. ಇಲ್ಲಿ ಒಂದು ಗುಂಡಿ ಒತ್ತಿದರೆ ಮುಖವೇ ಮಾಯ. ಎಲ್ಲರೂ ಕೈಬೀಸುತ್ತಾ, ಯಾರು ಮೊದಲು ಹೋಗುವುದೆಂದು ತಿಳಿಯದೆ ಎರಡು ನಿಮಿಷ ಪೆಚ್ಚಾಗಿ ನಗುತ್ತಿರುತ್ತಾರೆ. ಇದಕ್ಕೂ ನಾವೊಂದು ಆಟ ಮಾಡಿಕೊಂಡಿದ್ದೇವೆ. ಕೊನೆಗೆ ಬಂದವರಿಂದ ಆರಂಭಿಸಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವುದು. ಅವರು ರಾತ್ರಿಯ ಅಡುಗೆ ಏನೆಂದು ಒಂದೇ ಮಾತಿನಲ್ಲಿ ಹೇಳಿ ಹೊರಡುವುದು. ಜುಣಕ ಎಂದು ಹುಬ್ಬಳ್ಳಿ ಹೋಗುತ್ತದೆ, ಬಸಳೆ ಎಂದು ಉಡುಪಿ ಹೋಗುತ್ತದೆ, ಈಗಷ್ಟೇ ಬೆಳಗಾದ ನ್ಯೂಜೆರ್ಸಿ ದೋಸೆ ಎನ್ನುತ್ತದೆ. ಎಲ್ಲರಿಗಿಂತ ಮೊದಲು ಬರುವವರು ಮೂರನೆಯ ಮಾಳಿಗೆಯ ಅಣ್ಣನಾದುದರಿಂದ ಕೊನೆಯ ಸರದಿ ಯಾವಾಗಲೂ ಅವರದು. ಕಳೆದ ತಿಂಗಳು ಅವರು "ಪಲ್ಯ" ಎಂದರು. ಯಾವುದರ ಪಲ್ಯವೆಂದು ನಾನು ಕೇಳಿದೆ. "ಉಳ್ಳಾಗಡ್ಡಿಯದು" ಎಂದು ಹೇಳಿ ಹೊರಟರು.